ತಂತಿಯ ಇನ್ನೊಂದು ತುದಿ

ಟವರಿನ ಬುಡದ ಕೋಣೆಯಿಂದ ಬ್ಯಾಟರಿಗಳನ್ನು ಒಯ್ದರು. ಆಮೇಲೊಂದು ದಿನ ಕರೆಂಟು ಹೋಯಿತು, ಟವರು ಸತ್ತಿತು. ಕೆಳಗಿನ ಓಣಿಯಲ್ಲಿ ಬಟ್ಟೆ ಹೊಲಿಯುತ್ತಿದ್ದ ಹೆಂಗಸೊಬ್ಬಳು ಉಸಿರು ಕಟ್ಟಿ, ಆಂಬುಲೆನ್ಸಿಗೆ ಫೋನು ಒತ್ತುತ್ತ ಒತ್ತುತ್ತಲೇ ಸತ್ತಳು.

"ಬ್ಯಾಟರಿ ನುಂಗಿದ್ದು ಆ ಓಣಿಯವರೇ," ಎಂದು ಸೂಪರ್‌ವೈಸರ್ ಫೋನಿನಲ್ಲಿ ಕಿಡಿಕಾರುತ್ತಿದ್ದ. "ತಮ್ಮವರನ್ನೇ ಕೊಂದ್ರೂ ಬುದ್ಧಿ ಬಂದಿಲ್ಲ. ಈಗ ಕರೆಂಟಿಗೂ ಬಾಯಿ ಹಾಕಿದ್ದಾರೆ. ಟವರಿಂದ ಕೇಬಲ್ ಎಳ್ಕೊಂಡಿದ್ದಾರಂತೆ. ಹುಡುಕು, ಕತ್ತರಿಸು. ಲೈನಲ್ಲೇ ಇರು."

ಮೆಕ್ಯಾನಿಕ್ ಈ ಭಾಗಕ್ಕೆ ಹೊಸಬ. ಸ್ಪೀಕರ್ ಹಾಕಿ ಫೋನನ್ನು ಅಂಗಿಯ ಜೇಬಿಗಿಳಿಸಿದ. ಕೋಣೆಯ ಬೀಗದ ಮೇಲೆ ಒಂದು ಗೀರೂ ಇರಲಿಲ್ಲ. ಒಳಗೆ ಬ್ಯಾಟರಿಗಳ ಕಬ್ಬಿಣದ ಚೌಕಟ್ಟು ಹಲ್ಲುದುರಿದ ಬಾಯಿಯಂತೆ ನಿಂತಿತ್ತು. ನಟ್ಟುಗಳನ್ನು ಸ್ಪ್ಯಾನರಿನಿಂದ ಬಿಚ್ಚಿ, ತಂತಿಗಳ ತುದಿಗೆ ಟೇಪು ಸುತ್ತಿಟ್ಟಿದ್ದರು. ಮರ್ಯಾದಸ್ಥ ಕಳ್ಳರು! ಹೊರಗಿನ ಜನರೇಟರಿನ ಟ್ಯಾಂಕಿಗೆ ಕಡ್ಡಿ ಇಳಿಸಿದ. ಕಡ್ಡಿ ಒಣಗಿದ್ದ ಹಾಗೆಯೇ ಮೇಲೆ ಬಂತು. ಡೀಸೆಲನ್ನೂ ಬಿಟ್ಟಿರಲಿಲ್ಲ.

ಕತ್ತಲ ಕೋಣೆಯಲ್ಲಿ ಯಂತ್ರಗಳ ಹಸಿರು ದೀಪ ಎಂದಿನಂತೆ ಮಿಟುಕುತ್ತಿತ್ತು. ಅದರ ಬೆಳಕಿನಲ್ಲೇ ಕೇಬಲ್ ಸಿಕ್ಕಿತು: ಕೈಬೆರಳಿನಷ್ಟು ದಪ್ಪ, ಗೋಡೆಯ ತೂತಿನಿಂದ ಹೊರಕ್ಕೆ. ಕರೆಂಟು ಅಳೆಯುವ ಮೀಟರಿನ ದವಡೆಯನ್ನು ಅದಕ್ಕೆ ಕಚ್ಚಿಸಿ ನೋಡಿದ. ಚೆನ್ನಾಗಿಯೇ ಹರಿಯುತ್ತಿತ್ತು. ಅಂಕಿಯ ಎಡಕ್ಕೊಂದು ಮೈನಸ್ ಗುರುತು. ಮೀಟರನ್ನು ಉಲ್ಟಾ ಹಿಡಿದೆನೆಂದುಕೊಂಡು ಚೀಲಕ್ಕೆ ಹಾಕಿದ.

ಕೇಬಲ್ ಚರಂಡಿಯ ಅಂಚು ಹಿಡಿದು ಓಣಿಗಿಳಿದಿತ್ತು. ಹಿಂದೆಯೇ ಅವನೂ ಇಳಿದ. ಬೆಳಗಿನಿಂದ ಕರೆಂಟಿರಲಿಲ್ಲ, ಹಿಟ್ಟಿನ ಗಿರಣಿ ಬಾಯಿ ಮುಚ್ಚಿತ್ತು. ಬಾಗಿಲುಗಳಲ್ಲಿ ನಿಂತವರು ಅವನ ಮುಖ ನೋಡಲಿಲ್ಲ, ಕೈಯಲ್ಲಿದ್ದ ಕಟ್ಟರ್ ನೋಡಿದರು.

ತಂತಿ ಒಂದು ತಗಡಿನ ಶೆಡ್ಡಿಗೆ ನುಗ್ಗಿತ್ತು. ಒಳಗೆ ಸಾಲಾಗಿ ಎಲೆಕ್ಟ್ರಿಕ್ ಆಟೊಗಳು. ದುಡಿಯುವ ಹೊತ್ತಿನಲ್ಲಿ ಒಂದೂ ರಸ್ತೆಗಿಳಿದಿರಲಿಲ್ಲ. ಎಲ್ಲದರ ಸೀಟು ಎತ್ತಿ, ಬ್ಯಾಟರಿಗಳಿಗೆ ತಂತಿ ಸಿಕ್ಕಿಸಿದ್ದರು. ಅವನಿಗೆ ಕೂಡಲೇ ಹೊಳೆಯಿತು. ಟವರಿನ ಯಂತ್ರಗಳು ನಡೆಯುವುದು ನಲವತ್ತೆಂಟು ವೋಲ್ಟಿನಲ್ಲಿ. ಈ ಆಟೊಗಳೂ ಅಷ್ಟರಲ್ಲೇ. ಕಳ್ಳತನಕ್ಕೆ ಹೇಳಿ ಮಾಡಿಸಿದ ಜೋಡಿ.

"ಹಾರ್ನ್ ಅಕ್ಕಾ, ಕಂಪನಿಯವನು ಬಂದ," ಎಂದ ಒಬ್ಬ ಡ್ರೈವರ್.

ದಪ್ಪನೆಯ ಹೆಂಗಸೊಬ್ಬಳು ಎದ್ದು ಬಂದಳು. ಅವಳ ಗಂಟಲು ಕೇಳಿದವರು ಅವಳ ಆಟೊಗೆ ಹಾರ್ನ್ ಯಾಕೆ ಎನ್ನುತ್ತಿದ್ದರು.

"ಕೇಬಲ್ ಕತ್ತರಿಸ್ಬೇಕು ಅಕ್ಕ. ಅಡ್ಡ ಬರಬೇಡಿ."

"ನಾನು ಅಡ್ಡ ಬಂದ್ರೆ ನಿನಗೆ ಶೆಡ್ಡೇ ಕಾಣಲ್ಲ ತಮ್ಮಾ." ಯಾರೋ ಕಿಸಕ್ಕೆಂದು ನಕ್ಕು ಸುಮ್ಮನಾದರು. ಅವಳು ನಗಲಿಲ್ಲ. "ಕತ್ತರಿಸು. ಆದ್ರೆ ಇವತ್ತು ಒಂದು ಜೀವ ಹೋದ್ರೆ ಅದು ನಿನ್ನ ತಲೆ ಮೇಲೆ."

ಡ್ರೈವರ್ ಬೆನ್ನು ತಿರುಗಿಸಿ ಫೋನಿಗೆ ತಗ್ಗಿದ ದನಿಯಲ್ಲಿ ಹೇಳುತ್ತಿದ್ದ: "ಗಿರಣಿ ದಾಟಿ ಎಡಕ್ಕೆ... ಇಬ್ಬರಾದ್ರೂ ಬನ್ನಿ. ಸಿಲಿಂಡರ್ ಮರೀಬೇಡಿ. ಹೊತ್ತಿಲ್ಲ."

ಜೇಬಿನೊಳಗಿಂದ ಸೂಪರ್‌ವೈಸರ್ ಗದರಿದ: "ಜನ ಸೇರಿಸ್ತಿದ್ದಾರೆ ಕಣೋ! ಕತ್ತರಿಸಿ ಓಡು!"

ಮೆಕ್ಯಾನಿಕ್ ಬಾಗಿ ಕಟ್ಟರಿನ ಬಾಯಿಗೆ ತಂತಿ ಕೊಟ್ಟ. ಆಗ ಶೆಡ್ಡಿನ ಹಿಂದಿನ ಕೋಣೆಯಿಂದ ಸದ್ದೊಂದು ಕೇಳಿಸಿತು. ಒಡೆದ ಪೀಪಿಯನ್ನು ಯಾರೋ ಊದಿ ಊದಿ ಬಿಡುತ್ತಿದ್ದ ಹಾಗೆ.

"ಏನದು?"

"ನನ್ನ ತಂಗಿ ಮಗಳು," ಎಂದಳು ಅಕ್ಕ. "ಅವರಮ್ಮನಿಗೆ ಬಂದಿದ್ದೇ ಇವಳಿಗೂ ಬಂದಿದೆ. ಆಕ್ಸಿಜನ್ ಇಟ್ಕೊಂಡು ಆಂಬುಲೆನ್ಸ್ ಬರ್ತಿದೆ, ಅವರಿಗೆ ಓಣಿ ಸಿಗ್ತಿಲ್ಲ. ಅದಕ್ಕೇ ದಾರಿ ಹೇಳ್ತಿದ್ದಾನೆ."

"ಅಂದ್ರೆ, ಅವತ್ತು ಸತ್ತ ಆ ಟೈಲರ್..."

"ನನ್ನ ತಂಗಿನೇ."

"ಮತ್ತೆ ಬ್ಯಾಟರಿ ಯಾಕೆ ಕದ್ರಿ!"

"ನಾವಾ?" ಅಕ್ಕನ ದನಿ ಮೊದಲ ಸಲ ಏರಿತು. "ನಿನ್ನ ಸೊಂಟದಲ್ಲಿರೋ ಕೀನೇ ಅವರ ಸೊಂಟದಲ್ಲೂ ಇತ್ತು. ಕಂಪನಿ ಗಾಡೀಲಿ ಬಂದು, ಬೀಗ ತೆಗೆದು, ಬಿಚ್ಕೊಂಡು ಹೋದ್ರು. ಮಾಲ್ ಹತ್ರದ ಟವರಿಗೆ ಬೇಕಂತೆ. ಇಲ್ಲಿಯವರ ಫೋನಿಂದ ಏನೂ ಗಿಟ್ಟಲ್ಲವಂತೆ."

ಮೆಕ್ಯಾನಿಕ್ ಜೇಬಿನ ಕಡೆ ನೋಡಿದ. ಗೀರಿಲ್ಲದ ಬೀಗ ನೆನಪಾಯಿತು.

"ಆದ್ರೂ ಅಕ್ಕ, ಕರೆಂಟು ಕದಿಯೋದು..."

"ಬೆಳಗಿಂದ ಎಲ್ಲಿದೆ ತಮ್ಮಾ ಕರೆಂಟು?"

ಅವನು ಗಿರಣಿಯತ್ತ ತಿರುಗಿದ. ಆಮೇಲೆ ಟವರಿನ ತುದಿಯ ಕೆಂಪು ದೀಪದತ್ತ. ಕರೆಂಟು ಹೋದರೂ ಟವರು ನಡೆಯುವುದು ಅವನ ಕಸುಬಿನಲ್ಲಿ ಎಷ್ಟು ಮಾಮೂಲೆಂದರೆ, ಬ್ಯಾಟರಿಯೂ ಡೀಸೆಲೂ ಇಲ್ಲದ ಕೋಣೆಯಲ್ಲಿ ನಿಂತಾಗಲೂ ಆ ಹಸಿರು ದೀಪ ಅವನಿಗೆ ವಿಚಿತ್ರ ಅನಿಸಿರಲಿಲ್ಲ. ಮೀಟರನ್ನು ಹೊರತೆಗೆದು, ಅದರ ಮೇಲಿನ ಬಾಣದ ಗುರುತು ಟವರಿನಿಂದ ಶೆಡ್ಡಿನ ಕಡೆಗಿರುವಂತೆ, ಈ ಸಲ ಸರಿಯಾಗಿ ಹಿಡಿದ. ಮತ್ತೆ ಅದೇ ಮೈನಸ್.

"ಕತ್ತರಿಸಿದ್ಯೇನೋ?" ಸೂಪರ್‌ವೈಸರನ ದನಿ ಪಕ್ಕದಲ್ಲೇ ನಿಂತಷ್ಟು ಸ್ಪಷ್ಟವಾಗಿತ್ತು.

"ಕತ್ತರಿಸಲ್ಲ ಸಾರ್. ಇವರು ಟವರಿಂದ ಕರೆಂಟು ತಗೊಳ್ತಿಲ್ಲ, ಆಟೊ ನಿಲ್ಲಿಸಿ ಟವರಿಗೆ ಕೊಡ್ತಿದ್ದಾರೆ. ನೀವು ಈಗ ಫೋನಲ್ಲಿ ಗದರ್ತಿರೋದೂ ಆ ಕರೆಂಟಲ್ಲೇ."