ಹದಿನೆಂಟು ಕಿಲೋ ಬ್ಯಾಟರಿ

ಬ್ಯಾಟರಿಯ ವೋಲ್ಟೇಜ್ ಎಷ್ಟೆಂದು ತುಳಸವ್ವ ಕೇಳಲಿಲ್ಲ. ತೂಕ ಎಷ್ಟೆಂದು ಕೇಳಿದಳು. ಸಿದರಾಯನಿಗೆ ಅನುಮಾನ ಹುಟ್ಟಿದ್ದು ಅಲ್ಲಿಂದಲೇ.

ಅದು ೨೦೧೫ರ ಏಪ್ರಿಲ್. ಸಿದರಾಯನದು ಅಂಕಲಿಯಲ್ಲಿ ಸೈಕಲ್ ಅಂಗಡಿ. ಹಾಲಿನ ಡೇರಿಯಲ್ಲಿ ಕೆಲಸಕ್ಕಿದ್ದ ತುಳಸವ್ವ ಊರಾಚೆಯ ತೋಟದ ಮನೆಯವಳು. ಅವಳು ತಂದದ್ದು ಮಿರಜದಲ್ಲಿ ಕೊಂಡ ಹಳೆಯ ಎಲೆಕ್ಟ್ರಿಕ್ ಸೈಕಲ್. ಮುಂದೆಯೂ ಹಿಂದೆಯೂ ಸ್ಪ್ರಿಂಗ್ ಇದ್ದದ್ದು. ಅದರ ಸಣ್ಣ ಬ್ಯಾಟರಿ ಚೆನ್ನಾಗಿಯೇ ಇತ್ತು. ಆದರೂ ಸೀಟಿನ ಹಿಂದೆ ಇನ್ನೊಂದು ಬೇಕು, ಹದಿನೆಂಟು ಕಿಲೋದ್ದು ಎಂದಳು.

ಅಷ್ಟು ಭಾರ ಹಿಂದೆ, ಅಷ್ಟು ಎತ್ತರದಲ್ಲಿ ಕೂತರೆ ಸೈಕಲ್ ಓಲಾಡುತ್ತದೆ, ಹಗುರವಾದದ್ದನ್ನು ಪೆಡಲಿನ ಹತ್ತಿರ ಕಟ್ಟೋಣ ಎಂದು ಸಿದರಾಯ ಹೇಳಿದ.

"ಹಿಂದನ ಇರ್ಬೇಕ್ರಿ ಅಣ್ಣಾರ. ಭಾರನೂ ಅಷ್ಟ ಇರ್ಬೇಕು."

ಕಾರಿನ ಹಳೆಯ ಬ್ಯಾಟರಿಯೊಂದು ಸಿಕ್ಕಿತು. ಕಿರಾಣಿ ಅಂಗಡಿಯಲ್ಲಿ ತೂಗಿದರೆ ಹದಿನೇಳು ಕಿಲೋ. ಅವಳು ಒಂದು ಕಿಲೋ ಕಬ್ಬಿಣ ಸೇರಿಸಿ ಕಟ್ಟಿಸಿದಳು. ವೈರ್ ಜೋಡಿಸಲು ಹೋದವನನ್ನು ತಡೆದಳು.

ಮೊದಲು ಅವನು ಬ್ಯಾಟರಿಯ ಚೌಕಟ್ಟನ್ನು ಹಿಂದಿನ ಚಕ್ರದ ಕಡೆಗೆ, ಸ್ಪ್ರಿಂಗಿನ ಕೆಳಭಾಗಕ್ಕೆ ಬೆಸೆದಿದ್ದ. ಎರಡು ದಿನಕ್ಕೆ ತುಳಸವ್ವ ಮೊಣಕೈ ತರಚಿಕೊಂಡು ವಾಪಸ್ ಬಂದಳು. ತಗ್ಗಿಗೆ ಇಳಿದಾಗ ಬ್ಯಾಟರಿ ಕುಕ್ಕುತ್ತದೆ ಎಂಬುದಷ್ಟೇ ಅವಳ ದೂರು. ಚೌಕಟ್ಟನ್ನು ಸೀಟಿನ ಕಡೆಗೆ, ಸ್ಪ್ರಿಂಗಿನ ಮೇಲ್ಭಾಗಕ್ಕೆ ಬದಲಾಯಿಸಿದ. ಈಗ ಸ್ಪ್ರಿಂಗ್ ಪೂರ್ತಿ ಅದುಮಿಕೊಂಡಿತು. ಗಟ್ಟಿಯಾದ ಸ್ಪ್ರಿಂಗ್ ಹಾಕಿದ. ಅಗಲವಾದ ಬೆಲ್ಟು, ಅಡಿಗೆ ಸ್ಪಂಜು ಬೇಕೆಂದಳು. ಬ್ಯಾಟರಿಗೆ ಸ್ಪಂಜು ಯಾಕೆಂದು ಕೇಳಿದ.

"ಜ್ವಾಕಿ ಇರ್ಬೇಕ್ರಿ," ಎಂದಳು.

ದಿನಾ ಬೆಳಿಗ್ಗೆ ಅವಳು ಊರೊಳಗೆ ಬಂದು ಹೋಗುವುದನ್ನು ಸಿದರಾಯ ಗಮನಿಸತೊಡಗಿದ. ಸೇತುವೆ ದಾಟಿ ಮುಂದೆ ಹೋದರೆ ಮಹಾರಾಷ್ಟ್ರ. ಗುಟ್ಕಾ ಸಾಗಿಸುವವರು ಸೀಟಿನ ಕೆಳಗೆ, ಹಾಲಿನ ಕ್ಯಾನಿನಲ್ಲಿ ಏನೇನೋ ಮಾಡುತ್ತಾರೆಂದು ಅವನು ಕೇಳಿದ್ದ. ತನ್ನ ಬೆಸುಗೆಯಿಂದ ತನಗೇ ಕೇಸು ಬಿದ್ದರೆ? ಪರಿಚಯದ ಪೊಲೀಸ್ ಬಾಳಾಸಾಬನ ಕಿವಿಗೆ ಹಾಕಿದ.

ಬಾಳಾಸಾಬ ಒಂದು ಮುಂಜಾನೆ ಅವಳನ್ನು ತಡೆದು ಬೆಲ್ಟು ಬಿಚ್ಚಿಸಿದ. ಸತ್ತ ಬ್ಯಾಟರಿ, ಕಬ್ಬಿಣದ ತುಂಡು. ಮತ್ತೇನೂ ಇರಲಿಲ್ಲ. ಎಲ್ಲಿಗೆ ಹೊರಟಿದ್ದೀ ಎಂದದ್ದಕ್ಕೆ, ಶಾಲೆಯ ತನಕ ಹೋಗಿ ಬರುತ್ತೇನೆ ಎಂದಳಂತೆ. ಶಾಲೆಗೆ ಬೇಸಿಗೆ ರಜೆ ಇತ್ತು. ಬಾಳಾಸಾಬ ಅವಳ ತಲೆಯ ಬಗ್ಗೆ ಒಂದು ಮಾತು ಹೇಳಿ ಪ್ರಕರಣ ಮುಗಿಸಿದ. ಸಿದರಾಯನಿಗೆ ನಾಚಿಕೆಯಾಯಿತು. ಅನುಮಾನ ಮಾತ್ರ ಹೋಗಲಿಲ್ಲ.

ತುಳಸವ್ವ ನಿಲ್ಲಿಸಲಿಲ್ಲ. ಮೇ ಮುಗಿಯುವ ಹೊತ್ತಿಗೆ ಕೊರಕಲು ರಸ್ತೆಯಲ್ಲೂ ಸೈಕಲ್ ಓಲಾಡದಂತೆ ಓಡಿಸುತ್ತಿದ್ದಳು. ಬಿದ್ದದ್ದನ್ನು ಮತ್ತೆ ಯಾರೂ ನೋಡಲಿಲ್ಲ.

ಜೂನ್ ಮೊದಲ ವಾರ ಅವಳು ಬೆನ್ನಿಗೆ ಒರಗಿಕೆಯಿದ್ದ ಒಂದು ಪುಟ್ಟ ಬೆತ್ತದ ಕುರ್ಚಿ ಹಿಡಿದು ಬಂದಳು. ಬ್ಯಾಟರಿ ತೆಗೆದು ಅದೇ ಜಾಗಕ್ಕೆ ಇದನ್ನು ಕೂರಿಸಬೇಕಂತೆ. ಸಿದರಾಯ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟ. ಇಷ್ಟು ದಿನ ಆ ಭಾರ ಹೊತ್ತು ತಿರುಗಿದ್ದು ಯಾಕೆಂದು ಹೇಳದಿದ್ದರೆ ಕೈ ಹಚ್ಚುವುದಿಲ್ಲ ಎಂದ.

"ನಮ್ಮ ಮಗಳು ಸೌಂದರ್ಯಾನ ತೂಕ ಹದಿನೆಂಟು ಕಿಲೋ ಐತ್ರಿ," ಎಂದಳು ತುಳಸವ್ವ. "ಸಣ್ಣ ಕುಕ್ಕಿಗೂ ಆಕಿ ಎಲುಬು ಮುರಿತಾವ. ಆಕೀನ ಸಾಲಿಗೆ ಒಯ್ಯಬೇಕಲ್ರಿ, ಆದ್ರ ಕುಂದ್ರಿಸ್ಕೊಂಡು ಸೈಕಲ್ ಕಲಿಯಾಕ ಬರ್ತಿರಲಿಲ್ಲ."