ಕರೆಂಟ್ ಒಲೆಯ ಮೇಲೆ ನೀರು

ಹೇಳಲು ಇದು ತೀರಾ ಚಿಕ್ಕ ಸಂಗತಿ, ಕ್ಷಮೆಯಿರಲಿ. ಹೊಳಲ್ಕೆರೆಯ ಶಿವಗಂಗಮ್ಮ ಹೊಸ ಕರೆಂಟ್ ಒಲೆಯ ಮೇಲೆ ನೀರಿನ ಚೊಂಬು ಬಗ್ಗಿಸುತ್ತಿದ್ದರು. ಒಲೆ ತೊಳೆದು ವಿಭೂತಿ ಹಚ್ಚದೆ ಹಾಲಿಡುವ ರೂಢಿ ಅವರಿಗಿಲ್ಲ. ಪ್ಲಗ್ ಗೋಡೆಯಲ್ಲೇ ಇತ್ತು, ಸ್ವಿಚ್ಚೂ ಹಾಕಿತ್ತು. ಎಂದೂ ಅತ್ತೆಗೆ ಎದುರಾಡದ ಸೊಸೆ ದಾಕ್ಷಾಯಿಣಿ ಚೊಂಬನ್ನು ಕಸಿದುಕೊಂಡೇಬಿಟ್ಟಳು.

"ಏನವ್ವಾ, ಒಲೆ ತೊಳೆಯಾದೂ ತಪ್ಪಾ? ನೀನೇನು ನನಗೆ ಅತ್ತೇನಾ?"

"ಅಲ್ರೀ ಅತ್ತೆ, ಅದರಾಗೆ ಕರೆಂಟ್ ಐತೆ. ನೀರು ಒಳಗಿಳಿದ್ರೆ ನಿಮ್ಮನ್ನ ಹಿಡ್ಕಂಬಿಡ್ತೈತೆ. ಸ್ವಿಚ್ ಆರ್ಸಿ, ಪ್ಲಗ್ ಕಿತ್ತು, ಹಿಂಡಿದ ಬಟ್ಟೇಲಿ ಒರೆಸ್ರಿ, ಸಾಕು."

ದಾಕ್ಷಾಯಿಣಿ ಬೈಗುಳಕ್ಕೆ ಕಾದು ತಲೆ ತಗ್ಗಿಸಿದಳು. ಶಿವಗಂಗಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡರು.

"ಎಲ್ಲಿ, ಕೀಳಾದು ಹೆಂಗೆ ಅಂತ ತೋರ್ಸು."

ಅವರ ಸಿಟ್ಟು ಪೂರ್ತಿ ಇಳಿದಿತ್ತೋ ಇಲ್ಲವೋ, ಅದು ಮಾತ್ರ ಗೊತ್ತಿಲ್ಲ.