ನಮ್ಮದು, ಅವರದು

ಒಚೋಲಾ ಮೊದಲು ಬಾಗಿಲ ಕಡೆ ನೋಡಿದ. ಆಮೇಲೆ ಕಿಟಕಿಯ ಕಡೆ. ಕೊನೆಗೆ ಗೋಡೆಯ ಮೇಲಿನ ಹಲ್ಲಿಯನ್ನೂ ಗದರಿಸುವಂತೆ ನೋಡಿದ. ಯಾರೂ ಇಲ್ಲ. ಇಡೀ ಸ್ಟುಡಿಯೋ ಊಟಕ್ಕೆ ಕೆಳಗಿಳಿದಿತ್ತು; ಬೀದಿಯಿಂದ ಉಗಾಲಿ ಮುದ್ದೆಯ, ಹುರಿದ ಸೊಪ್ಪಿನ ವಾಸನೆ ಮೂರು ಮಹಡಿ ಹತ್ತಿ ಬರುತ್ತಿತ್ತು. ಅವನ ಮುಂದೆ ಕಂಪ್ಯೂಟರ್ ಪರದೆಯ ಮೇಲೆ ಎರಡೇ ಗುಂಡಿ. ಒಂದು 'ನಮ್ಮದು'. ಇನ್ನೊಂದು 'ಅವರದು'.

ಬೆರಳು ಹಿಂದೇಟು ಹಾಕಿತು. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಹಿಂದೇಟು ಹಾಕದ ಬೆರಳು! ಒಚೋಲಾ ಬಿಡಿಸಿದ ಸಿಂಹ ಘರ್ಜಿಸಿದರೆ ನೈರೋಬಿಯ ಮಟಾಟು ವ್ಯಾನುಗಳೆಲ್ಲ ಹಾರನ್ ನಿಲ್ಲಿಸುತ್ತವೆ. ಅವನ ಆನೆ ಸೀನಿದರೆ ಅತ್ತ ಕಿಸುಮುವಿನಲ್ಲಿ ಜನ ಛತ್ರಿ ಬಿಚ್ಚುತ್ತಾರೆ. ಇದು ಬರೀ ಬಡಾಯಿ ಎನ್ನುವವರು ಆ ಆನೆಯನ್ನು ನೋಡಿಲ್ಲ, ಅಷ್ಟೆ.

ಆದರೆ ಒಚೋಲಾ ನಿನ್ನೆ ಕೆರುಬೋಳ ಕತ್ತೆಕಿರುಬವನ್ನು ನೋಡಿಬಿಟ್ಟಿದ್ದ.

ಕೆರುಬೋ ಕಿಸಿ ಪಟ್ಟಣದಿಂದ ಬಂದ ಹೊಸ ಕಲಾವಿದೆ. ಸ್ಟುಡಿಯೋ ಮಾಡುತ್ತಿದ್ದ ಕಾರ್ಟೂನ್ ಚಿತ್ರದ ಕೊನೆಯಲ್ಲಿ ಕತ್ತೆಕಿರುಬ ಅಳಬೇಕು. ಇಬ್ಬರೂ ಅದೇ ದೃಶ್ಯ ಮಾಡಿದ್ದರು. ಒಚೋಲಾನ ಪ್ರಾಣಿ ಬಕೆಟ್‌ಗಟ್ಟಲೆ ಕಣ್ಣೀರು ಸುರಿಸುತ್ತಿತ್ತು. ಅವಳದು ಒಂದು ಹನಿಯನ್ನೂ ಸುರಿಸದೆ, ಎರಡು ಕಿವಿಗಳನ್ನು ಮೆಲ್ಲಗೆ ಇಳಿಬಿಟ್ಟು ಕುಳಿತಿತ್ತು. ಅದನ್ನು ನೋಡಿದ ಒಚೋಲಾ ರಾತ್ರಿ ಊಟದ ತಟ್ಟೆಯನ್ನು ಹಾಗೇ ಸರಿಸಿಬಿಟ್ಟಿದ್ದ. ಯಾರ ಕತ್ತೆಕಿರುಬ ಉಳಿಯುತ್ತದೋ ಅವರೇ ಮುಂದಿನ ಚಿತ್ರಕ್ಕೆ ಮುಖ್ಯಸ್ಥರು.

ಸ್ಟುಡಿಯೋದ ಒಡತಿ ಮ್ವಿಕಾಲಿ ಇದನ್ನು ಒಂದು ಪರೀಕ್ಷೆಗೂ ಬಳಸಿಕೊಂಡಿದ್ದಳು. 'ಫೈನಲ್', 'ಫೈನಲ್ ಫೈನಲ್', 'ದೇವರಾಣೆ ಫೈನಲ್' ಎಂಬ ಫೈಲುಗಳ ಕಾಟ ತಾಳಲಾರದೆ, ಎಲ್ಲರ ಕೆಲಸವನ್ನೂ ಒಂದೆಡೆ ಸೇರಿಸುವ ಹೊಸ ವ್ಯವಸ್ಥೆ ತಂದಿದ್ದಳು; ಪರೀಕ್ಷೆ ಅದಕ್ಕೇ.

"ಬರಹದ ಫೈಲಾದ್ರೆ ಇಬ್ಬರದನ್ನೂ ಜಡೆ ಥರ ಹೆಣೆಯುತ್ತೆ," ಎಂದಿದ್ದಳು ಬೆಳಿಗ್ಗೆ. "ಇಷ್ಟು ದಪ್ಪ ಚಿತ್ರದ ಫೈಲನ್ನ ಹೆಣೆಯೋಕಾಗಲ್ಲ. ಒಂದನ್ನ ಇಟ್ಕೋ, ಒಂದನ್ನ ಬಿಡು ಅಂತ ಕೇಳ್ಕೊಂಡು ನಿಂತ್ಬಿಡುತ್ತಂತೆ. ಹಾಗೆ ನಿಂತರೆ ಯಾರೂ ಏನೂ ಒತ್ತಬೇಡಿ, ನನ್ನ ಕರೀರಿ. ಎರಡನ್ನೂ ಪರದೆಗೆ ಹಾಕಿ ಎಲ್ಲರೂ ಸೇರಿ ಆರಿಸೋಣ."

ಕೆರುಬೋ ತನ್ನದನ್ನು ಮೊದಲೇ ಸೇರಿಸಿದ್ದಳು. ಒಚೋಲಾನಿಗೆ ಈ ವ್ಯವಸ್ಥೆಯ ತಲೆಬುಡ ತಿಳಿಯದು. ತಿಳಿಯದು ಎನ್ನಲು ಬಾಯಿ ಬಾರದು. ಅವಳೇ ಬಂದು ಪಕ್ಕದಲ್ಲಿ ಕುಳಿತಳು.

"ಸೇರಿಸೋಕೆ ಎರಡು ದಾರಿ ಇದೆ, ಮ್ಜೇ," ಎಂದಳು, ಹಿರಿಯರನ್ನು ಕರೆಯುವ ಆ ಮಾತಿಗೆ ಜೇನು ಸವರಿ. "ನೀವು ಈ ಎರಡನೇದು ಮಾಡಿ. ನನ್ನದನ್ನ ಕೆಳಗೆ ಹಾಸಿ, ನಿಮ್ಮದನ್ನ ಅದರ ಮೇಲೆ ಹೇರುತ್ತೆ. ಮೇಲಿರಬೇಕಾದವರು ನೀವೇ ತಾನೇ?"

"ಅದು ನಿಜ ಬಿಡು," ಎಂದ ಒಚೋಲಾ.

"ಊಟದ ಹೊತ್ತಲ್ಲಿ ಮಾಡಿ, ಗಲಾಟೆ ಇರಲ್ಲ. ನಿಮ್ಮ ಮೇಲೆ ನನಗೆ ಪೂರ್ತಿ ನಂಬಿಕೆ ಇದೆ."

ಆ ನಂಬಿಕೆಯೇ ಈಗ ಅಂಗಿಯೊಳಗೆ ಹೊಕ್ಕ ಕಟ್ಟಿರುವೆಯ ಹಾಗೆ ಕಚ್ಚುತ್ತಿತ್ತು. ವ್ಯವಸ್ಥೆ ನಿಂತಿತ್ತು. ಕರೆಯಬೇಕಿತ್ತು. ಒಚೋಲಾ ಕರೆಯಲಿಲ್ಲ. 'ನಮ್ಮದು' ಒತ್ತಿದ. ಫೈಲನ್ನು ತೆರೆದು ನೋಡುವ ಧೈರ್ಯವೂ ಬರಲಿಲ್ಲ. ಕೊಂದವನು ಹೆಣದ ಮುಖ ನೋಡುತ್ತಾನೆಯೇ?

ಊಟ ಮುಗಿಸಿ ಎಲ್ಲರೂ ಹತ್ತಿ ಬಂದರು.

"ಎಲ್ಲಾದರೂ ನಿಂತಿತಾ, ಮ್ಜೇ?" ಎಂದಳು ಮ್ವಿಕಾಲಿ.

"ಎಲ್ಲೂ ನಿಲ್ಲಲಿಲ್ಲ. ತಾನೇ ಸೇರಿಸ್ಕೊಂಡ್ಬಿಡ್ತು," ಎಂದ ಒಚೋಲಾ, ನೆಲ ನೋಡುತ್ತ.

ಪರದೆ ಬೆಳಗಿತು. ಒಂದು ಹನಿ ಕಣ್ಣೀರಿಲ್ಲ. ಎರಡು ಕಿವಿಗಳು ಮೆಲ್ಲಗೆ ಇಳಿದವು.

ಕೋಣೆ ಎಷ್ಟು ಸ್ತಬ್ಧವಾಯಿತೆಂದರೆ, ದೂರದ ರಿಫ್ಟ್ ಕಣಿವೆಯಲ್ಲಿ ಹಸು ಮೆಲುಕು ಹಾಕುವುದು ಕೇಳಿಸಿತು. ಲೆಕ್ಕ ಬರೆಯುವವನು, ಅಪ್ಪ ಸತ್ತಾಗಲೂ ಅಳದ ಕಲ್ಲುಗುಂಡು, ಕರವಸ್ತ್ರ ಹುಡುಕಿದ. ಒಚೋಲಾನ ಬೆನ್ನಲ್ಲಿ ಬೆವರಿನ ಹೊಳೆ ಹರಿಯಿತು. ಇದು ಅವಳದು! ಒತ್ತಿದ್ದು 'ನಮ್ಮದು', ಉಳಿದದ್ದು ಅವಳದು!

ಮ್ವಿಕಾಲಿ ಎದ್ದು ಅವನ ಹತ್ತಿರ ಬಂದಳು. "ತಾನೇ ಸೇರಿಸ್ಕೊಳ್ತಾ? ಈ ಫೈಲ್ ನಿಲ್ಲದೆ ಇರೋಕೆ ಸಾಧ್ಯವೇ ಇಲ್ಲ, ಮ್ಜೇ. ನೀವೇ ಒತ್ತಿದ್ದೀರಿ. ನಿಮ್ಮದನ್ನ ಬಿಟ್ಟು ಹುಡುಗೀದನ್ನ ಉಳಿಸಿದ್ದೀರಿ. ಮಾಡಿದ್ದು ಗೊತ್ತಾಗಬಾರದು ಅಂತ ಸುಳ್ಳು ಬೇರೆ! ಎಂಥ ದೊಡ್ಡ ಮನಸ್ಸು ನಿಮ್ಮದು!"

ಚಪ್ಪಾಳೆ ಬಿತ್ತು. ಒಂದೊಂದು ಚಪ್ಪಾಳೆಯೂ ಕಪಾಳಕ್ಕೆ ಬಿದ್ದಂತೆ ಬಿತ್ತು. ಯಾರೋ ಬೆನ್ನು ತಟ್ಟಿದರು, ಯಾರೋ ಕೈ ಕುಲುಕಿದರು. ಕಳ್ಳನೆಂದು ಬೈದಿದ್ದರೆ ತಲೆ ಎತ್ತಿ ಜಗಳವಾಡಬಹುದಿತ್ತು. ಈ ಹೊಗಳಿಕೆಗೆ ಏನು ಮಾಡುವುದು? ಮೆಟ್ಟಿಲ ಬಳಿ ಹೋಗಿ ಗೋಡೆಗೆ ಮುಖ ಮಾಡಿ ನಿಂತ.

ಕೆರುಬೋ ಹಿಂದೆಯೇ ಬಂದಳು, ಕೈಯಲ್ಲಿ ಬಿಸಿ ಚಾಯ್, ಎಣ್ಣೆಯಲ್ಲಿ ಕರಿದ ಮಂದಾಜಿ ಬನ್ನು. ಅವನಿಗೆ ತಡೆಯಲಾಗಲಿಲ್ಲ.

"ಮಗಳೇ, ನಾನು ಒಳ್ಳೆಯವನಲ್ಲ. ನಿನ್ನದನ್ನ ಅಳಿಸೋಕೇ ಒತ್ತಿದೆ. ಅದು ಹೇಗೋ..."

"ಹೇಗೋ ಅಲ್ಲ, ಮ್ಜೇ. ಒಬ್ಬರ ಕೆಲಸದ ಮೇಲೆ ನಮ್ಮದನ್ನ ಹೇರುವಾಗ ಈ ವ್ಯವಸ್ಥೆ ಅವರ ಮನೆಯೊಳಗೆ ನಿಂತು ನೋಡುತ್ತೆ. ಮನೆಯವಳು ನಾನು, ಅದಕ್ಕೆ ನನ್ನದೇ 'ನಮ್ಮದು'. ಹೊರಗಿಂದ ಬಂದ ನೀವು 'ಅವರು'. ಆ ಇನ್ನೊಂದು ದಾರೀಲಿ ಹೀಗೆ ತಿರುಗಲ್ಲ." ಅವಳು ಮಂದಾಜಿಯನ್ನು ಎರಡಾಗಿ ಮುರಿದು ದೊಡ್ಡ ಚೂರನ್ನು ಅವನ ಕೈಗಿಟ್ಟಳು. "ನೀವು ಒಳ್ಳೆಯವರಾಗಿದ್ರೆ ಪಾಪ ಹುಡುಗಿ ಅಂತ 'ಅವರದು' ಒತ್ತಿ, ನನ್ನ ಕತ್ತೆಕಿರುಬವನ್ನ ಕೊಂದೇಬಿಡ್ತಿದ್ರಿ."

ಚಾಯ್ ಊದುತ್ತ ನಕ್ಕಳು. "ಬೆಳಿಗ್ಗೇನೇ ಹೇಳಲಿಲ್ವಾ, ಮ್ಜೇ? ನಿಮ್ಮ ಮೇಲೆ ನನಗೆ ಪೂರ್ತಿ ನಂಬಿಕೆ ಇತ್ತು."